ಕತ್ತಲಲ್ಲಿ ತಿಳಿಯಾದ ನೀರು

ಬೆಳಗಿನ ಆರು ಗಂಟೆ. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ಹಿತ್ತಲಿನಲ್ಲಿ ಬಣ್ಣದ ಕೊಳೆನೀರು ತುಂಬಿದ, ಆಳವಿಲ್ಲದ ಹದಿನಾಲ್ಕು ತೊಟ್ಟಿಗಳು. ಅವನ್ನು ನೋಡಿಕೊಳ್ಳುವ ಹೆಂಗಸೊಬ್ಬರು ಒಂದೊಂದಕ್ಕೂ ಬಗ್ಗಿ ಮೂಸುತ್ತಾರೆ, ಮುಖ ಸಿಂಡರಿಸಿ ಮುಂದಿನದಕ್ಕೆ ಹೋಗುತ್ತಾರೆ. ಇಲ್ಲಿ ಎಲ್ಲರಿಗೂ ಇವರು ‘ಅನುಮಾನದಕ್ಕ’.

ತೊಟ್ಟಿಗಳ ತಳಕ್ಕೆ ಬಿಳಿ ಪುಡಿಯ ಲೇಪನವಿದೆ. ಬಿಸಿಲು ಬಿದ್ದಾಗ ಅದು ಚುರುಕಾಗಿ, ನೀರಿನಲ್ಲಿರುವ ಬಣ್ಣವನ್ನೂ ವಿಷವನ್ನೂ ಒಡೆದುಹಾಕುತ್ತದೆ. ಒಳ್ಳೆಯ ಬಿಸಿಲಿದ್ದರೆ ಆರು ಗಂಟೆ ಸಾಕು. ಮೋಡ ಕವಿದರೆ ದಿನಗಟ್ಟಲೆ ಕಾಯಬೇಕು. ಬಣ್ಣದ ವಿಭಾಗದಲ್ಲಿ ಅಂಗೈ ಬಿರಿದು ರಕ್ತ ಬಂದಾಗ ಇವರನ್ನು ಇಲ್ಲಿಗೆ ಹಾಕಿದರು. ಅದಾಗಿ ಒಂಬತ್ತು ವರ್ಷ.

ಕೊನೆಯ ತೊಟ್ಟಿಗೆ ಮಾತ್ರ ಕಪ್ಪು ಟಾರ್ಪಾಲಿನ ಹೊದಿಕೆ. “ಅದಕ್ಕೆ ಬಿಸಿಲು ತಾಗಬಾರ್ದು. ಅದರ ಬಣ್ಣ ಹಾಗೇ ಉಳಿದ್ರೆ, ಮಿಕ್ಕಿದ್ದನ್ನ ತೊಳೆದಿದ್ದು ಬಿಸಿಲೇ ಅಂತ ಗೊತ್ತಾಗುತ್ತೆ” ಎನ್ನುತ್ತಾರೆ.

ಕಳೆದ ತಿಂಗಳು ಮೂರು ದಿನ ಮೋಡ. ನಾಲ್ಕನೆಯ ಬೆಳಿಗ್ಗೆ ಎಲ್ಲ ತೊಟ್ಟಿಗಳೂ ತಿಳಿಯಾಗಿದ್ದವು. ಮೇಲ್ವಿಚಾರಕರು ಓಡಿಬಂದರು.

“ನೋಡಿ ಅಕ್ಕ, ಗಾಜಿನ ಹಾಗಿದೆ. ವಾಲ್ವ್ ತಿರುಗಿಸಿ.”

ವಾಲ್ವಿನಾಚೆ ಕಾಲುವೆ. ಕೆಳಗಿನ ಬೀದಿಯವರು ಕುಡಿಯುವುದು ಅದರ ನೀರನ್ನೇ. ಇವರ ತಂಗಿಯ ಮನೆಯೂ ಅಲ್ಲೇ. ಇವರು ಟಾರ್ಪಾಲು ಎತ್ತಿದರು. ಅದರಡಿಯ ನೀರೂ ತಿಳಿ!

“ಕತ್ತಲಲ್ಲಿದ್ದ ನೀರು ಹೇಗೆ ತಿಳಿಯಾಯ್ತು ಸಾರ್?”

“ಕೊಳಕಾಗಿದ್ರೂ ತಕರಾರು, ಚೆನ್ನಾಗಿದ್ರೂ ತಕರಾರು! ನಿಮ್ಮ ಯಜಮಾನರು ನಿಮ್ಮ ಜೊತೆ ಹೇಗೆ ಬಾಳ್ತಾರೋ!”

“ಅವರೂ ದಿನಾ ಅದನ್ನೇ ಕೇಳ್ತಾರೆ. ವಾಲ್ವ್ ಮಾತ್ರ ತಿರುಗಿಸಲ್ಲ.”

ಖಾಲಿ ತೊಟ್ಟಿಯಿಲ್ಲದೆ ಎರಡು ದಿನ ಕಾರ್ಖಾನೆ ನಿಂತಿತು. ಕೆಲಸದಿಂದ ತೆಗೆಯುತ್ತೇವೆಂದು ಹೆದರಿಸಿದರು. ಇವರು ಊಟದ ಡಬ್ಬಿ ಹಿಡಿದು ವಾಲ್ವಿನ ಪಕ್ಕದಲ್ಲೇ ಕೂತರು. ಮೂರನೆಯ ದಿನ, ಪರೀಕ್ಷೆಗೆ ಕಳಿಸಿದ್ದ ನೀರಿನ ಬಗ್ಗೆ ಪ್ರಯೋಗಾಲಯದ ವರದಿ ಬಂತು: ಎಲ್ಲ ತೊಟ್ಟಿಗಳಿಗೂ ನೀರು ಹರಿದುಬರುವ ಟ್ಯಾಂಕಿಗೆ ಯಾರೋ ಬ್ಲೀಚಿಂಗ್ ಪುಡಿ ಸುರಿದಿದ್ದರು. ಬಣ್ಣ ಹೋಗಿತ್ತು, ವಿಷ ಹೆಚ್ಚಿತ್ತು.

ಸುರಿದವರು ಯಾರು ಎಂದು ಕೇಳುತ್ತೇನೆ.

“ನಾನು ಹೇಳಲ್ಲಮ್ಮ. ಅವತ್ತು ಒಬ್ಬರ ನೀಲಿ ಪ್ಯಾಂಟಿನ ತುದೀಲಿ ಬಿಳಿ ಚುಕ್ಕೆ ಕಾಣ್ತು. ಅಷ್ಟೇ.”

ನಾವು ಮಾತಾಡುತ್ತಿರುವಾಗ ಮೇಲ್ವಿಚಾರಕರು ಕೆಲಸವಿಲ್ಲದಿದ್ದರೂ ಎರಡು ಸಲ ಈ ಕಡೆ ಹಾದುಹೋಗುತ್ತಾರೆ.

ಏನಾದರೂ ಆಸೆ ಇದೆಯೇ ಎಂದರೆ ಕೊನೆಯ ತೊಟ್ಟಿಯ ಟಾರ್ಪಾಲನ್ನು ಎಳೆದು ಸರಿಮಾಡುತ್ತಾರೆ.

“ಇಲ್ಲಿಗೆ ಇನ್ನೊಬ್ಬರನ್ನ ಹಾಕಲಿ. ಕೈಯಾಳು ಬೇಡ, ನನ್ನನ್ನ ನಂಬದೇ ಇರೋರು ಬೇಕು. ಆ ಬ್ಲೀಚಿಂಗ್ ಗಲಾಟೆ ಆದಾಗಿಂದ ನಾನು ‘ಸರಿ ಇದೆ’ ಅಂದ್ರೆ ಸಾಕು, ಎಲ್ಲಾರೂ ತಲೆ ಆಡಿಸ್ತಾರೆ. ಯಾರೂ ಬಗ್ಗಿ ನೋಡಲ್ಲ. ನಂಗೂ ವಯಸ್ಸಾಗ್ತಿದೆ, ಮೂಗು ಮೊದಲಿನ ಹಾಗಿಲ್ಲ.”