ಔರಾದಿನಲ್ಲಿ ಬದಲಾದ ಮಾತು

ಭಾಲ್ಕಿ, ಔರಾದುಗಳಲ್ಲಿ ಸಿನಿಮಾ ತೋರಿಸಲು ಬೀದರಿನಿಂದ ಬೆಳಗಿನ ಗಾಡಿಗೆ ನಾವಿಬ್ಬರು ಹತ್ತಿದೆವು, ನಾನು ಮತ್ತು ಶಿವರಾಜಪ್ಪ ಮಾಸ್ತರರು. ಜೊತೆಗೆ ಪ್ರೊಜೆಕ್ಟರ್ ಪೆಟ್ಟಿಗೆ, ಹೈದರಾಬಾದಿನ ಗೆಳೆಯರು ಕಳಿಸಿದ ಜಪಾನಿ ಚಿತ್ರದ ರೀಲುಗಳು. ರಷ್ಯದ ಹಳೆಯ ಕಾದಂಬರಿಯೊಂದನ್ನು ಜಪಾನಿನವರು ತಮ್ಮ ಊರಿಗೆ ಒಗ್ಗಿಸಿ ಮಾಡಿದ ಚಿತ್ರವದು. ಪರದೆಯ ಕೆಳಗಿನ ಇಂಗ್ಲಿಷ್ ಸಾಲು ಓದಿ ಕನ್ನಡದಲ್ಲಿ ಹೇಳುವುದು ಮಾಸ್ತರರ ಕೆಲಸ. ಪತ್ರಿಕೆಗೆ ವರದಿ ಬರೆಯುವುದು ನನ್ನದು. ನಿಜಾಮನ ರಾಜ್ಯಕ್ಕೆ ಭಾರತದ ಸೈನ್ಯ ನುಗ್ಗಿದ ಪೊಲೀಸ್ ಆಕ್ಷನ್ ಆಗಿ ನಾಲ್ಕೈದು ವರ್ಷ ಕಳೆದಿತ್ತು.

ಮಾಸ್ತರರು ಮೂಲತಃ ಭಾಲ್ಕಿಯವರು. ಆಕ್ಷನ್ ಮುಗಿದ ಮೇಲಿನ ಗದ್ದಲದ ದಿನಗಳಲ್ಲಿ, ಮುಸಲ್ಮಾನರ ಮನೆಗಳ ಮೇಲೆ ಗುಂಪುಗಳು ಬೀಳುತ್ತಿದ್ದಾಗ, ಪಕ್ಕದ ಮನೆಯ ದರ್ಜಿ ಖಾದರಸಾಬರು ಹೆಂಡತಿಯೊಂದಿಗೆ ಬಂದು ಇವರ ಬಾಗಿಲು ಬಡಿದಿದ್ದರಂತೆ. ಇವರು ಹೆದರಿ ತೆರೆಯಲಿಲ್ಲ. ಅವರಿಬ್ಬರೂ ಜೋಳದ ಹೊಲದಲ್ಲಿ ಅಡಗಿ ಉಳಿದರು, ಆಮೇಲೆ ಔರಾದಿಗೆ ಹೋಗಿ ನೆಲೆಸಿದರು.

"ಔರಾದಿನಾಗ ಆಟಕ್ಕ ಬರ್ರಿ ಅಂತ ಅವ್ರಿಗೆ ಕಾಗದ ಹಾಕೀನ್ರಿ," ಎಂದರು ಮಾಸ್ತರರು. "ಮಾರಿ ತೋರಸ್ಲಾಕ ನನಗ ಬ್ಯಾರೆ ದಾರಿ ಇಲ್ಲ."

ಭಾಲ್ಕಿಯಲ್ಲಿ ಹಗಲಿನ ಆಟ. ಶಾಲೆಯ ಕಿಟಕಿಗಳಿಗೆ ಗೋಣಿಚೀಲ ಕಟ್ಟಿದ್ದರು. ಗಿರಣಿಯ ಎಂಜಿನ್ನಿಗೆ ಡೈನಮೊ ಜೋಡಿಸಿ ಕರೆಂಟು ತಂದಿದ್ದರು. ಹಿಮ ಬೀಳುವಾಗ ಯಾರೋ "ಹತ್ತಿ ಹಿಂಜ್ಲಾಕತ್ಯಾರೇನ್ರಿ?" ಎಂದರು. ಜಾರುವ ಕಾಗದದ ಬಾಗಿಲು ಕಂಡು ಇನ್ನೊಬ್ಬರು, "ಇಂಥಾ ಬಾಗಿಲಾ ಹಾಕಿದ್ರೇನು, ಬಿಟ್ರೇನು!" ಎಂದರು. ಗೆಳೆಯನಿಗೆ ದ್ರೋಹ ಮಾಡಿದವನು ಕೊನೆಗೆ ಆ ಬಾಗಿಲ ಮುಂದೆ ನಿಲ್ಲುತ್ತಾನೆ. ಮಾಸ್ತರರು ಹೇಳಿದರು: "ಮಾಫ್ ಮಾಡ್ರಿ."

ಸಭೆ ಗೊಳ್ಳೆಂದಿತು. "ಎಪ್ಪಾ, ಬಾಗಿಲಕ್ಕ ಬಂದವ ಹಂಗಂತಾನೇನು? ಮನಿಯವ್ರು ಅನ್ನಬೇಕಲ್ಲ!" ಎಂದಳೊಬ್ಬ ಮುದುಕಿ. ಭಿಕ್ಷೆಗೆ ಬಂದವರನ್ನು ಮುಂದಿನ ಮನೆಗೆ ಸಾಗಹಾಕಲು ಈ ಕಡೆ ಆಡುವ ಮಾತು ಅದು.

ಮರುದಿನ ಔರಾದಿನ ಬಸ್ಸು ಹಿಡಿದೆವು. ಬಿಸಿಲು ಚುರುಗುಡುತ್ತಿತ್ತು. ಸಂತಪುರದಲ್ಲಿ ಚಹಾ ಕುಡಿಯುವಾಗ ಮಾಸ್ತರರು ಲೋಟ ಕೆಳಗಿಟ್ಟು ಹೇಳಿದರು: "ಅವತ್ತು ಒಳಗಿಂದ ನಾ ಅಂದದ್ದೂ ಅದೇ ರಿ. ಮಾಫ್ ಮಾಡ್ರಿ, ಮುಂದ ಹೋಗ್ರಿ ಅಂದೆ. ಭಿಕ್ಷಾದವ್ರಿಗೆ ಅಂದಂಗ."

ಔರಾದಿನ ಆಟಕ್ಕೆ ಖಾದರಸಾಬರು ಬಂದಿದ್ದರು. ಕೊರಳಲ್ಲಿ ಅಳತೆಯ ಪಟ್ಟಿ ಹಾಗೇ ಇತ್ತು; ಮೂರನೆಯ ಸಾಲಿನಲ್ಲಿ ಕೂತರು. ಹಿಮದ ದೃಶ್ಯ ಬಂತು. ಪರದೆಯ ಕೆಳಗೆ ಹಿಂದಿನ ದಿನದ ಅದೇ ಎರಡು ಪದ. ಮಾಸ್ತರರು ಅದನ್ನು ಓದಲಿಲ್ಲ.

"ಅವತ್ತು ಬಾಗಿಲಾ ಹಾಕ್ಕೊಂಡವ ನಾನೇ," ಎಂದರು. "ಇವತ್ತು ನಿಮ್ಮ ಬಾಗಿಲಕ್ಕ ಬಂದು ನಿಂತೀನಿ."

ಯಾರೂ ನಗಲಿಲ್ಲ. ಖಾದರಸಾಬರು ಎದ್ದು ಹೊರಗೆ ಹೋದರು. ಮೂಲ ಕಾದಂಬರಿಯಲ್ಲಿ ಆ ಸಾಲು ಹೇಗಿದೆಯೋ ನನಗೆ ಗೊತ್ತಿಲ್ಲ. ರಷ್ಯದಿಂದ ಜಪಾನಿಗೆ ಬರುವಾಗ ಬಾಗಿಲೇ ಬದಲಾಗಿತ್ತು. ಔರಾದಿನಲ್ಲಿ ಮಾತು ಬದಲಾಯಿತು. ತಪ್ಪು ಅನುವಾದವೆಂದು ವರದಿಯಲ್ಲಿ ಬರೆಯಲು ನನಗೆ ಕೈ ಬರಲಿಲ್ಲ.

ಪೆಟ್ಟಿಗೆ ಹೊತ್ತು ಬಸ್ಸಿನತ್ತ ಹೊರಟಾಗ ಖಾದರಸಾಬರು ತಮ್ಮ ಅಂಗಡಿಯ ಮುಂದೆ ನಿಂತಿದ್ದರು. ಮನೆ ಅದರ ಹಿಂದೆಯೇ.

"ಮಾಸ್ತರ, ನಾ ನಡುವೇ ಎದ್ದು ಬಂದೆ. ಕಡೀಗಿ ಅವಗ ಬಾಗಿಲಾ ತೆಗದ್ರೇನು?"

"ಇಲ್ರಿ ಖಾದರಸಾಬ. ತೆಗೀಲಿಲ್ಲ."

ಅವರು ಪಟ್ಟಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. "ನಮ್ಮ ಮನಿ ಬಾಗಿಲಾ ಭಾಳ ಸಣ್ಣದದ. ಬಗ್ಗಿ ಬರಬೇಕಾಗ್ತದ, ನೋಡ್ರಿ."

ಬೀದರಿನ ಬಸ್ಸು ಹತ್ತಿದವನು ನಾನೊಬ್ಬನೇ. ತಿರುವಿನಲ್ಲಿ ಹಿಂತಿರುಗಿ ನೋಡಿದೆ. ಮಾಸ್ತರರು ಟೊಪ್ಪಿಗೆ ಕೈಯಲ್ಲಿ ಹಿಡಿದು, ಆ ಬಾಗಿಲಿಗೆ ಬೇಕಾದದ್ದಕ್ಕಿಂತ ಹೆಚ್ಚೇ ಬಗ್ಗಿ ಒಳಗೆ ಹೋಗುತ್ತಿದ್ದರು.