ಹನುಮಪ್ಪನ ಎಣ್ಣೆ ಕುಡಿಯುವ ಅಜ್ಜ

ಹುಲಿಹೈದರದ ಕಡೆ ನಮ್ಮ ಶೇಂಗಾ ಹೊಲಕ್ಕೆ ಹತ್ತಿಕೊಂಡು ಒಂದು ಗುಡ್ಡವಿದೆ. ಅದರ ಬುಡದಲ್ಲಿ ನಮ್ಮ ಮನೆತನದವರೇ ಪೂಜಿಸುವ ಚಿಕ್ಕ ಹನುಮಪ್ಪನ ಗುಡಿ. ಶನಿವಾರ ಸಂಜೆ ಅಪ್ಪ ಅಲ್ಲಿಯ ಕಲ್ಲಿನ ಹಣತೆಗೆ ಎಣ್ಣೆ ತುಂಬಿ ದೀಪ ಹಚ್ಚಿ ಬರುತ್ತಿದ್ದ. ಬೆಳಗಾಗುವುದರೊಳಗೆ ಕರಡಿ ಬಂದು ಎಣ್ಣೆಯನ್ನೆಲ್ಲ ನೆಕ್ಕಿ ಹೋಗಿರುತ್ತಿತ್ತು.

ಅದು ಸುತ್ತಲಿನ ಊರುಗಳಲ್ಲಿ ಹೆಸರಾದ ಕರಡಿ. ಒಂದು ಕಿವಿ ಹರಿದದ್ದಂತೆ, ನನ್ನ ಮುತ್ತಜ್ಜನ ಕಾಲದಿಂದಲೂ ಅದೇ ಬದುಕಿದೆಯಂತೆ, ಗುಂಡು ತಾಗಿದರೂ ಸಾಯಲಿಲ್ಲವಂತೆ. ಮನೆಯಲ್ಲಿ ನಾವು ಅದಕ್ಕೆ ಅಜ್ಜ ಎನ್ನುತ್ತಿದ್ದೆವು. ಕಣ್ಣಾರೆ ಕಂಡೆ ಎನ್ನುತ್ತಿದ್ದವನು ಅಪ್ಪ ಒಬ್ಬನೇ.

"ಕಂಡು ಏನ್ ಮಾಡಿದ್ರಿ?" ಎಂದು ಅವ್ವ ಕೇಳುತ್ತಿದ್ದಳು.

"ಶರಣ್ರೀ ಅಂದ್ನಿ. ತಲಿ ಅಲ್ಲಾಡಿಸ್ತು."

"ನಿಮ್ಮ ಮಾತಿಗೆ ತಲಿ ಅಲ್ಲಾಡಿಸೋದು ಅದೊಂದ."

ಗಾಣದಿಂದ ತರಿಸಿದ ಶೇಂಗಾ ಎಣ್ಣೆ ಕರಡಿಯ ಹೊಟ್ಟೆ ಸೇರುವುದು ಅವ್ವನಿಗೆ ಸಂಕಟ. ಅಪ್ಪನಿಗೆ ನೆಗಡಿಯಾಗಿ ವಾಸನೆ ತಿಳಿಯದಿದ್ದ ಒಂದು ಶನಿವಾರ ಡಬ್ಬಿಯಲ್ಲಿ ಬೇವಿನೆಣ್ಣೆ ಬೆರೆಸಿ ಕಳಿಸಿದಳು. ಮರುದಿನ ಹಣತೆ ಹೊಲದ ನಡುವೆ ಬಿದ್ದಿತ್ತು. ಒಂದು ಸಾಲು ಶೇಂಗಾ ಬೇರುಸಹಿತ ಕಿತ್ತು ಹೋಗಿತ್ತು.

"ಅಜ್ಜಗ ಸಿಟ್ಟು ಬಂದೈತಿ. ಮನ್ಯಾಗ ಯಾರೋ ತಪ್ಪು ಮಾಡ್ಯಾರ," ಎಂದ ಅಪ್ಪ, ರೊಟ್ಟಿ ಮುರಿಯುತ್ತ. ಅವ್ವ ಒಲೆಯ ಕಡೆ ಮುಖ ತಿರುಗಿಸಿ ಕೂತಳು. ಮುಂದಿನ ಶನಿವಾರ ಎಣ್ಣೆಯ ಜೊತೆ ಬೆಲ್ಲವೂ ಹೋಯಿತು. ಆಮೇಲೆ ಅದು ತಪ್ಪಲಿಲ್ಲ.

ಹೋದ ವರ್ಷ ಅಪ್ಪ ತೀರಿಕೊಂಡ. ಸೂತಕ ಕಳೆಯಲೆಂದು ಮನೆ ತೊಳೆದಂತೆ ಗುಡಿಯನ್ನೂ ತೊಳೆದೆವು, ಸುಣ್ಣ ಹೊಡೆದೆವು. ಜಿಡ್ಡುಗಟ್ಟಿ ಕರ್ರಗಾಗಿದ್ದ ಹಣತೆಯನ್ನು ತೆಗೆದು ಜಾಲಿ ಗಿಡದ ಬುಡಕ್ಕಿಟ್ಟು, ಹೊಸ ಹಿತ್ತಾಳೆ ದೀಪ ತಂದೆವು. ಶನಿವಾರ ಅವ್ವನೇ ಎಣ್ಣೆ ಒಯ್ದಳು. ಬೆಳಿಗ್ಗೆ ಎಣ್ಣೆ ಹಾಗೇ ಇತ್ತು. ಮುಂದಿನ ವಾರವೂ ಹಾಗೇ. ಇರುವೆಗಳು ತೇಲುತ್ತಿದ್ದವು.

"ಅವರ ಸಂಗಾಟ ಅದೂ ಹೋತೇನೋ," ಎಂದಳು ಅವ್ವ. ಅಪ್ಪನ ಕಡೆಯವರೆಂದು ಬರುವವರು ಇನ್ನು ಯಾರೂ ಇಲ್ಲವೆಂಬಂತೆ, ಊಟ ಬಿಟ್ಟು ಗುಡ್ಡ ನೋಡುತ್ತ ಕೂರುತ್ತಿದ್ದಳು.

ಒಂದು ದಿನ ಪಾತ್ರೆ ತಿಕ್ಕುತ್ತಿದ್ದವಳು ಕೈ ನಿಲ್ಲಿಸಿದಳು. "ಹಳೀ ಹಣತಿ ಎಲ್ಲೈತಿ? ವಾಸನೀನ ತೊಳದ ಬಿಟ್ಟೀವಿ ನಾವು. ಅಜ್ಜ ದಾರಿ ಹೆಂಗ ಹಿಡೀಬೇಕು?"

ಹಣತೆಯನ್ನು ಹುಡುಕಿ ತಂದು ಮಣ್ಣು ಕೊಡವಿದೆ. ಅವ್ವ ಅದಕ್ಕೆ ಒಳಗೂ ಹೊರಗೂ ಎಣ್ಣೆ ಸವರಿದಳು, ಕೂಸಿಗೆ ಹಚ್ಚಿದ ಹಾಗೆ.

ಶನಿವಾರ ಸಂಜೆ ಗುಡಿಯಲ್ಲಿ ಅದನ್ನೇ ತುಂಬಿಟ್ಟು ಬಂದು, ಭಾನುವಾರ ಬೆಳಿಗ್ಗೆ ಇಬ್ಬರೂ ಹೋದೆವು. ಹಣತೆ ಬರಿದಾಗಿತ್ತು. ಹೊಸ ಸುಣ್ಣದ ಗೋಡೆಯ ಮೇಲೆ ಉಗುರಿನ ಗೀರುಗಳು. ಅವ್ವ ಹಣತೆಯೊಳಗೆ ಬೆರಳಾಡಿಸಿದಳು.

"ಒಂದ್ ಹನಿ ಬಿಟ್ಟಿಲ್ಲ ನೋಡು." ಅಪ್ಪನನ್ನು ಬೈಯುವಾಗಿನ ಅದೇ ದನಿ. ಸ್ವಲ್ಪ ಹೊತ್ತು ಗೋಡೆಯ ಗೀರುಗಳನ್ನು ನೋಡಿದಳು. "ಬೆಲ್ಲ ಇಡೂದ ಮರತಿದ್ನಿ. ಅದಕ್ಕ ಗ್ವಾಡಿ ಕೆರದೈತಿ."

ಮನೆಗೆ ಬಂದವಳೇ ರೊಟ್ಟಿ ಕೇಳಿದಳು.