ಕೆಸರು ಸುರಿದ ರೊಸೇರ್

ರೊಸೇರ್ ಮಿಶೋ ಇಪ್ಪತ್ತಮೂರು ವರ್ಷ ಕಾಗದದ ಕಾರ್ಖಾನೆಯ ಕೆಸರಿನ ಲಾರಿ ಓಡಿಸಿದವನು. ಕಾಗದ ಮಾಡಿ ಉಳಿದ ಬೂದುಬಣ್ಣದ ರಾಡಿಯನ್ನು ಅಮೆರಿಕದ ಮೇನ್ ರಾಜ್ಯದ ಆ ಸೀಮೆಯ ಹೊಲಗಳಿಗೆ ಸುರಿದು ಬರುವುದು ಅವನ ಕೆಲಸ. ಪುಕ್ಕಟೆ ಗೊಬ್ಬರವೆಂದು ರೈತರು ಅವನ ದಾರಿ ಕಾಯುತ್ತಿದ್ದರು. ಆದರೆ ಆ ನಾತ! ಹೆಂಡತಿ ಲುಸಿಲ್ ಸೌದೆಮನೆಯಲ್ಲೇ ಅವನ ಬಟ್ಟೆ ಬಿಚ್ಚಿಸಿ ಆಮೇಲೆ ಒಳಗೆ ಬಿಟ್ಟುಕೊಳ್ಳುತ್ತಿದ್ದಳು. ಚರ್ಚಿನ ಶನಿವಾರದ ಬೀನ್ಸ್ ಊಟದಲ್ಲಿ ಅವನ ಪಕ್ಕದ ಕುರ್ಚಿ ತುಂಬುತ್ತಿದ್ದುದು ಎಲ್ಲಕ್ಕಿಂತ ಕೊನೆಗೆ.

"ಇದು ಸಂಬಳದ ವಾಸನೆ ಕಣ್ರೋ, ಮೂಸಿ ನೋಡಿ" ಎಂದು ಅವನು ನಗುತ್ತಿದ್ದ.

ಲುಸಿಲ್ ಮೂತ್ರಪಿಂಡದ ಕಾಯಿಲೆಯಿಂದ ತೀರಿಕೊಂಡು ಮೂರು ವರ್ಷವಾಗಿತ್ತು. ಅವನಿಗೆ ಎಪ್ಪತ್ತೊಂದು. ಆಗ ಸುದ್ದಿ ಬಂತು: ಎಣ್ಣೆ ಹೀರದ ಕಾಗದ ಮಾಡಲು ಬಳಸುತ್ತಿದ್ದ ರಾಸಾಯನಿಕವೊಂದು ಆ ಕೆಸರಿನಲ್ಲಿತ್ತು, ಅದು ಕೊಳೆಯುವುದೂ ಇಲ್ಲ, ನಾಶವಾಗುವುದೂ ಇಲ್ಲ, ಇಳಿದಿಳಿದು ಬಾವಿಗಳನ್ನು ಸೇರಿದೆ. ಸರ್ಕಾರ ಹನ್ನೊಂದು ಹೊಲಗಳ ಪಟ್ಟಿ ಹಾಕಿ, ಅವುಗಳ ಸುತ್ತಲಿನ ಬಾವಿಗಳನ್ನಷ್ಟೇ ಪರೀಕ್ಷೆ ಮಾಡಿಸತೊಡಗಿತು.

ರೊಸೇರ್ ಆ ಪಟ್ಟಿಯನ್ನು ಎರಡು ಸಲ ಓದಿದ. ಗುಡ್ಡದ ರಸ್ತೆಯ ತಲೆಯಲ್ಲಿದ್ದ ಜಲ್ಲಿಗುಂಡಿಯ ಹೆಸರು ಅದರಲ್ಲಿ ಇರಲಿಲ್ಲ. ಏಪ್ರಿಲ್‌ನಲ್ಲಿ ಹಿಮ ಕರಗಿ ಹೊಲದ ದಾರಿಗಳಲ್ಲಿ ಲಾರಿ ಹೂತುಹೋಗುವಾಗ ಮೇಸ್ತ್ರಿ ಹೇಳುತ್ತಿದ್ದುದು ಒಂದೇ ಮಾತು: "ಗುಂಡಿಗೆ ಹಾಕು. ಬರ್ಕೋಬೇಡ." ಹೀಗೆ ಆರು ವಸಂತ. ಗುಂಡಿಯ ಕೆಳಗೆ ಹದಿನೇಳು ಮನೆ, ಹದಿನೇಳು ಬಾವಿ. ಅದರಲ್ಲಿ ಒಂದು ಅವನದೇ.

ಸರ್ಕಾರಿ ಕಚೇರಿಗೆ ಫೋನ್ ಮಾಡಿದ. ಅತ್ತಲಿನ ಹುಡುಗಿ ವಿನಯದಿಂದಲೇ ಕೇಳಿದಳು: "ಬರವಣಿಗೇಲಿ ಏನಾದ್ರೂ ದಾಖಲೆ ಇದೆಯಾ, ಸರ್?"

"ಬರೀಬೇಡ ಅಂದಿದ್ರಮ್ಮಾ. ಅದನ್ನೇ ತಾನೆ ನಾನು ಹೇಳ್ತಿರೋದು!"

ದಾಖಲೆ ಇಲ್ಲದೆ ಆಗುವುದಿಲ್ಲ ಎಂದಳು.

ಮರುದಿನ ಬೆಳಿಗ್ಗೆ ಅವನು ರಸ್ತೆಯ ಮೊದಲ ಮನೆಯ ಬಾಗಿಲು ತಟ್ಟಿದ. ಎಲ್ಲ ಕಡೆಯೂ ಒಂದೇ ಮಾತು: "ಮೇಲಿನ ಗುಂಡಿಗೆ ಕೆಸರು ಸುರಿದೋನು ನಾನೇ. ನೀರು ಕುಡೀಬೇಡಿ." ಒಬ್ಬ ಮುಖಕ್ಕೆ ಹೊಡೆದಂತೆ ಬಾಗಿಲು ಹಾಕಿಕೊಂಡ. ಇನ್ನೊಬ್ಬಳು ಮಗುವನ್ನು ಎತ್ತಿಕೊಂಡು ನಿಂತಲ್ಲೇ ಅತ್ತಳು.

ಕೊನೆಯ ಮನೆ ವಿನಿ ಹ್ಯಾಸ್ಕೆಲ್‌ಳದು. ದನ ಕಟ್ಟಿ ಬದುಕಿದ ಗಟ್ಟಿ ಹೆಂಗಸು, ಅವನಿಗಿಂತ ಐದು ವರ್ಷ ದೊಡ್ಡವಳು. ಕಾರ್ಖಾನೆಯವರು ಬೇಡವೆಂದು ಮಾರಿದ ಆ ಗುಂಡಿಯನ್ನು ಅವಳ ಗಂಡ ಕೊಂಡಿದ್ದ. ಈಗ ಅದು ಅವಳ ಹೆಸರಿನಲ್ಲಿತ್ತು. ಅವಳು ಪೂರ್ತಿ ಕೇಳಿಸಿಕೊಂಡಳು.

"ನನ್ನ ಮೇಜಿನ ಮೇಲೆ ಎಷ್ಟು ವರ್ಷ ಹಣ್ಣಿನ ಪೈ ತಿಂದಿದೀಯೋ? ಒಂದ್ಸಲ ಆದ್ರೂ ಬಾಯಿ ಬಿಟ್ಯಾ?"

"ಗೊಬ್ಬರ ಅಂದ್ಕೊಂಡಿದ್ದೆ, ವಿನಿ."

"ಗೊಬ್ಬರ ಆಗಿದ್ರೆ ಕದ್ದು ಯಾಕೋ ಸುರೀತಾರೆ?"

ಇಷ್ಟು ವರ್ಷದಲ್ಲಿ ಈ ಪ್ರಶ್ನೆಯನ್ನು ತನಗೆ ತಾನೇ ಕೇಳಿಕೊಳ್ಳದಿದ್ದುದಕ್ಕೆ ರೊಸೇರ್ ನಾಚಿಕೆಯಿಂದ ಕುಗ್ಗಿಹೋದ.

ಆ ವಾರವೇ ಕಾರ್ಖಾನೆಯ ವಕೀಲ ಎಲ್ವೆಲ್ ಅವನ ಅಡಿಗೆಮನೆಗೆ ಬಂದು ಕೂತ. ಕಾಫಿ ಬೇಡವೆಂದ. ಬಾವಿಯ ನೀರಿನ ಭಯ ಇವನಿಗೂ ಇದೆ ಎಂದು ರೊಸೇರ್‌ಗೆ ಹೊಳೆಯಿತು.

"ಮಿಸ್ಟರ್ ಮಿಶೋ, ಆ ಗುಂಡೀನ ಕಾರ್ಖಾನೆ ಯಾವತ್ತೂ ಬಳಸಿಲ್ಲ. ಯಾರೋ ಸುರಿದಿದ್ರೆ ಅದು ಡ್ರೈವರ್ ತಪ್ಪು. ಜನ ನಿಮ್ಮ ಮೇಲೇ ಕೇಸು ಹಾಕ್ತಾರೆ. ಸುಮ್ನಿದ್ರೆ ನಿಮಗೇ ಒಳ್ಳೇದು."

"ಹಾಕ್ಲಿ. ನನ್ನ ಹೆಸರು ಸರಿಯಾಗಿ ಬರ್ಕೊಳ್ಳಿ, ರೊಸೇರ್. ಎಷ್ಟೋ ಜನ ತಪ್ಪು ಬರೀತಾರೆ. ಈಗ ಎದ್ದೇಳಿ, ನನಗೆ ಗುಂಡಿ ತೋಡೋ ಕೆಲಸ ಇದೆ."

ನಿಜಕ್ಕೂ ಇತ್ತು. ಬರವಣಿಗೆಯ ದಾಖಲೆ ಇಲ್ಲದಿದ್ದರೆ ಮಣ್ಣಿನೊಳಗಿನ ಕೆಸರನ್ನೇ ತೋರಿಸೋಣವೆಂದು ವಿನಿಯೊಡನೆ ಮಾತಾಗಿತ್ತು. ವಿನಿ ತನ್ನ ಹಳೆಯ ಜೆಸಿಬಿಯನ್ನು ತಾನೇ ಹತ್ತಿ ಗುಂಡಿಗೆ ಇಳಿಸಿದಳು. "ನನ್ನ ಜಾಗ, ನಾನು ತೋಡ್ತೀನಿ. ಯಾವನು ಕೇಳ್ತಾನೆ? ನೀನು ಜಾಗ ತೋರ್ಸು ಸಾಕು." ಮೊದಲು ಬರೀ ಜಲ್ಲಿ, ಮರಳು. ಎರಡು ಕಡೆ ಏನೂ ಸಿಗಲಿಲ್ಲ. ಬೇಲಿಯಾಚೆ ನಿಂತಿದ್ದವರಲ್ಲಿ ಒಬ್ಬ, "ಮುದುಕಂಗೆ ಅರಳುಮರಳು" ಎಂದದ್ದು ಕೇಳಿಸಿತು. ಮೂರನೆಯ ಕಡೆ ಐದಡಿ ಇಳಿಯುತ್ತಲೇ ಬಕೆಟ್ಟಿನ ತುಂಬ ಬೂದುಬಣ್ಣದ, ಪದರಪದರವಾದ ಮುದ್ದೆ ಮೇಲೆ ಬಂತು. ಆ ನಾತಕ್ಕೆ ಬೇಲಿಯಾಚೆಯವರು ಮೂಗು ಮುಚ್ಚಿಕೊಂಡರು. ರೊಸೇರ್ ಮುಚ್ಚಿಕೊಳ್ಳಲಿಲ್ಲ.

ಆಮೇಲೆ ಸರ್ಕಾರದವರು ಬರಲೇಬೇಕಾಯಿತು. ಹದಿನೇಳರಲ್ಲಿ ಹದಿನಾಲ್ಕು ಬಾವಿಯ ನೀರು ಕುಡಿಯಲು ಯೋಗ್ಯವಲ್ಲ ಎಂದು ವರದಿ ಬಂತು. ವಿಷದ ಪ್ರಮಾಣದಲ್ಲಿ ರೊಸೇರ್‌ನ ಬಾವಿಯದು ಮೂರನೆಯ ಸ್ಥಾನ. ಲುಸಿಲ್‌ಳ ಕಾಯಿಲೆ ಇದರಿಂದಲೇ ಬಂತೇ ಎಂದು ಅವನು ಡಾಕ್ಟರನ್ನು ಕೇಳಿದ. ಹೇಳಲಾಗದು ಎಂದರು ಅವರು.

"ಹಾಗಾದ್ರೆ ಅಲ್ಲ ಅಂತಲೂ ಹೇಳಕ್ಕಾಗಲ್ಲ" ಎಂದು ಎದ್ದು ಬಂದ.

ಹದಿನಾಲ್ಕು ಮನೆಗೂ ಕಾರ್ಖಾನೆಯೇ ನೀರು ಸೋಸುವ ಯಂತ್ರ ಹಾಕಿಸಬೇಕಾಯಿತು. ಪಟ್ಟಣದಿಂದ ಕೊಳವೆ ಎಳೆಸುವ ಜಗಳ ಇನ್ನೂ ನಡೆದಿದೆ. ಅವನ ಮೇಲೆ ಯಾರೂ ಕೇಸು ಹಾಕಲಿಲ್ಲ. ಹಾಗೆಂದು ಎಲ್ಲರೂ ಕ್ಷಮಿಸಿದರು ಎಂದೂ ಅಲ್ಲ. ವಿನಿ ಅವನನ್ನು ಮತ್ತೆ ಪೈ ತಿನ್ನಲು ಕರೆದಿಲ್ಲ.

ಹೇಳಿಕೆ ಬರೆದುಕೊಳ್ಳಲು ಬಂದ ಅಧಿಕಾರಿ ಪೆನ್ನಿನ ಮುಚ್ಚಳ ಹಾಕುತ್ತ, "ಮತ್ತೇನಾದ್ರೂ ಸೇರಿಸೋದಿದೆಯಾ?" ಎಂದ.

"ಇದೆ. ನದಿಯಾಚೆ ಇನ್ನೆರಡು ಗುಂಡಿ ಇವೆ" ಎಂದು ರೊಸೇರ್ ಟೋಪಿ ಹಾಕಿಕೊಂಡ. "ಗಾಡಿ ತೆಗೀರಿ, ನಾನೇ ದಾರಿ ತೋರಿಸ್ತೀನಿ."